ಮುಟ್ಟದೆ ತೆರೆಯುವ ಬಾಗಿಲು

ಎರಡು ವಸ್ತುಗಳನ್ನು ಒಟ್ಟಿಗೆ ಕಂಡರೆ ಹೋಲಿಸದೆ ಬಿಡಲಾಗದ ಕಾಯಿಲೆ ಕೆಲವರಿಗೆ ಇರುತ್ತದೆ. ನನಗೆ ಇದೆ. ನಾನಾಗಿಯೇ ಒಪ್ಪಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ನಾನು ಮುಚ್ಚಿಟ್ಟರೂ ನನ್ನ ಹೆಂಡತಿ ಸುಮಾ ಕಂಡಕಂಡವರಿಗೆಲ್ಲ ಹೇಳಿಕೊಂಡು ಬರುತ್ತಾಳೆ. ಸೂಪರ್ ಮಾರ್ಕೆಟ್ಟಿಗೆ ಹೋದರೆ ಭಾರತದ ಈರುಳ್ಳಿ, ಪಾಕಿಸ್ತಾನದ ಈರುಳ್ಳಿ, ಯೆಮೆನ್ನಿನ ಈರುಳ್ಳಿ ಎಂದು ಬೇರೆ ಬೇರೆ ರಾಶಿ ಹಾಕಿರುತ್ತಾರೆ. ನಾನು ನಡುವೆ ನಿಂತು ಒಂದೊಂದನ್ನೇ ಎತ್ತಿ, ಒತ್ತಿ, ಮೂಸಿ ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಅವಳು ಕೈಗೆ ಸಿಕ್ಕ ಚೀಲ ತೂಗಿಸಿ, ಬಿಲ್ ಮಾಡಿಸಿ, ಕಾರಿನ ಹತ್ತಿರ ನಿಂತು ಹಾರ್ನ್ ಒತ್ತುತ್ತಿರುತ್ತಾಳೆ. ತಪ್ಪು ನನ್ನದಲ್ಲ, ಉದ್ಯೋಗದ್ದು. ನಾನು ಮಸ್ಕತ್ತಿನ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಎಂಜಿನಿಯರ್. ವಾಲ್ವು, ಪೈಪು, ಪಂಪು ಏನೇ ಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸಿ, ಅಕ್ಕಪಕ್ಕ ಇಟ್ಟು, ಒಂದೊಂದರ ಗುಣದೋಷ ಹಿಂಜಿ ಹಿಂಜಿ ನೋಡಿ, ಕೊನೆಗೆ ಮ್ಯಾನೇಜರು ಮೊದಲೇ ಹೇಳಿದ್ದನ್ನು ಕೊಳ್ಳುವುದು ನಮ್ಮ ಪದ್ಧತಿ. ಇಷ್ಟು ವರ್ಷ ಇದೇ ಮಾಡಿದ ಮನುಷ್ಯನಿಗೆ ಮನೆಗೆ ಬಂದ ಕೂಡಲೇ ಕಣ್ಣು ಮುಚ್ಚಿಕೋ ಎಂದರೆ ಹೇಗೆ?

ನಾವು ಇರುವುದು ಬೌಷರಿನ ಒಂದು ಬಾಡಿಗೆ ಕಟ್ಟಡದಲ್ಲಿ. ಕೆಳಗಿನ ಗಾಜಿನ ಬಾಗಿಲಿಗೆ ಕೀಲಿಕೈ ಇಲ್ಲ. ಪಕ್ಕದ ಗೋಡೆಯಲ್ಲೊಂದು ಕಪ್ಪು ಡಬ್ಬಿ, ನಮ್ಮ ಕೈಯಲ್ಲೊಂದು ನೀಲಿ ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆಯನ್ನು ಡಬ್ಬಿಗೆ ತಾಗಿಸಬೇಕೆಂದೂ ಇಲ್ಲ, ಹತ್ತಿರ ಹಿಡಿದರೆ ಸಾಕು, 'ಟಿಕ್' ಎಂದು ಬಾಗಿಲು ಬಿಡುತ್ತದೆ. ಈ ಬಿಲ್ಲೆಯ ದೊಡ್ಡ ಗುಣವೆಂದರೆ ಔದಾರ್ಯ. ಯಾರು ಕೇಳಿದರೂ ತನ್ನ ನಂಬರನ್ನು ಹೇಳಿಬಿಡುತ್ತದೆ. ಆದ್ದರಿಂದ ಕೀಲಿಕೈ ಮಾಡುವ ಅಂಗಡಿಗೆ ಕೊಟ್ಟು ಪಕ್ಕದಲ್ಲಿ ಒಂದು ಕರಕ್ ಚಹಾ ಕುಡಿದು ಬರುವಷ್ಟರಲ್ಲಿ ಅದರ ಅವಳಿ ಸಿದ್ಧವಾಗಿರುತ್ತದೆ. ನಾವೂ ಮಾಡಿಸಿದೆವು, ಎಲ್ಲರೂ ಮಾಡಿಸಿದರು. ಶುಕ್ರವಾರ ಭಜನೆಗೆ ಬರುವವರಿಗೆ ಒಂದು, ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುವವರಿಗೆ ಒಂದು, ಇಡ್ಲಿ ಸ್ಟ್ಯಾಂಡು ಎರವಲು ಒಯ್ಯುವವರಿಗೆ ಒಂದು. ಹೀಗೆ ಮಸ್ಕತ್ತಿನ ಅರ್ಧ ಕನ್ನಡಿಗರ ಕೀಲಿಗೊಂಚಲಿನಲ್ಲಿ ನಮ್ಮ ಕಟ್ಟಡದ ಬಿಲ್ಲೆ ನೇತಾಡುತ್ತಿತ್ತು.

ಅದರಲ್ಲಿ ಒಂದು ನನ್ನ ಅವ್ವನದು. ದೀಪಾವಳಿ ಮುಗಿಸಿಕೊಂಡು ಧಾರವಾಡದಿಂದ ಚಳಿಗಾಲ ಕಳೆಯಲು ಬಂದಿದ್ದಳು. ಬಂದ ಹೊಸತರಲ್ಲಿ ಅವಳ ಮುಖ ನೋಡಲಾಗುತ್ತಿರಲಿಲ್ಲ. ನಾನು ಆಫೀಸಿಗೆ, ಸುಮಾ ಪಾಠ ಹೇಳಲು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಶಾಲೆಗೆ, ಮಗಳು ಅದಿತಿ ಅದೇ ಶಾಲೆಗೆ. ಅವ್ವ ಕಿಟಕಿಯಲ್ಲಿ ನಿಂತು ಪಾರ್ಕಿಂಗಿನ ಕಾರು ನೋಡುವುದು. "ಬಾಗಲಾ ತಗದು ಹೊರಗ ಹೋಗ್ಲಿಕ್ಕೆ ಬರ್ತದ, ಒಳಗ ಬರ್ಲಿಕ್ಕೆ ಬರೂದಿಲ್ಲ. ಇಲಿ ಬೋನು ಉಲ್ಟಾ ಮಾಡಿಟ್ಟಾರ ನೋಡು," ಎಂದು ಒಂದು ದಿನ ಸಿಡುಕಿದಳು. ಮರುದಿನವೇ ಬಿಲ್ಲೆ ಮಾಡಿಸಿಕೊಟ್ಟೆ. ಅಷ್ಟೇ, ಅವ್ವ ಬೇರೆಯೇ ಮನುಷ್ಯಳಾದಳು. ಪಕ್ಕದ ಕಟ್ಟಡದಲ್ಲಿ ಮಗಳ ಮನೆಗೆ ಬಂದಿದ್ದ ಉಡುಪಿ ಕಡೆಯ ಕಲ್ಯಾಣಕ್ಕ ಗೆಳತಿಯಾದರು. ಸಂಜೆ ಬಿಸಿಲು ಇಳಿದ ಕೂಡಲೇ ಇಬ್ಬರೂ ಸ್ಪೋರ್ಟ್ಸ್ ಶೂ ಹಾಕಿಕೊಂಡು ಸೀರೆ ನಾಲ್ಕು ಬೆರಳು ಮೇಲೆತ್ತಿ ಹೊರಟರೆಂದರೆ ಫುಟ್‌ಪಾತು ಅವರದೇ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ; ಆದ್ದರಿಂದ ಇಬ್ಬರಿಗೂ ಒಂದೇ ಕತೆಯನ್ನು ಎರಡೆರಡು ಸಲ ಹೇಳುವ ಭಾಗ್ಯ. ನಮ್ಮ ಮನೆಯ ಶಾಂತಿ, ಅವ್ವನ ನಿದ್ದೆ, ಸುಮಾಳ ತಲೆನೋವು ಎಲ್ಲವೂ ಆ ಸಂಜೆಯ ತಿರುಗಾಟದ ಮೇಲೆ, ಅಂದರೆ ಆ ನೀಲಿ ಬಿಲ್ಲೆಯ ಮೇಲೆ ನಿಂತಿತ್ತು.

ಇದನ್ನು ಕೆಡಿಸಿದವನು ಜಿಮ್ಮಿನ ಮನುಷ್ಯ. ನಮ್ಮ ಕಟ್ಟಡದಲ್ಲಿ ಒಂದು ಪುಟ್ಟ ಜಿಮ್ ಇದೆ. ನಾವು ಯಾರೂ ಹೋಗುವುದಿಲ್ಲ, ಆದರೆ ಇದೆ ಎಂಬ ಸಮಾಧಾನದಲ್ಲೇ ತೆಳ್ಳಗಾಗುತ್ತಿದ್ದೇವೆ. ಅಲ್ಲಿ ಒಬ್ಬ ಗಟ್ಟಿಮುಟ್ಟಾದ ಆಸಾಮಿ ದಿನಾ ಬಂದು ಬೆವರು ಸುರಿಸಿ ಹೋಗುತ್ತಿದ್ದ. ಎಲ್ಲರೂ ಅವನಿಗೆ ನಮಸ್ಕಾರ ಹೇಳುತ್ತಿದ್ದರು. ಒಮ್ಮೆ ಲಿಫ್ಟಿನಲ್ಲಿ ನನ್ನನ್ನು ಹಿಡಿದು ಟ್ರೆಡ್‌ಮಿಲ್ ಸರಿಯಿಲ್ಲವೆಂದು ದಬಾಯಿಸಿದ, ನಾನು ಕ್ಷಮೆಯನ್ನೂ ಕೇಳಿದೆ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಗೊತ್ತಾಯಿತು, ಅವನು ನಮ್ಮ ಕಟ್ಟಡದವನೇ ಅಲ್ಲ, ಆಚೆ ಬೀದಿಯವನು. ಯಾರದೋ ಬಿಲ್ಲೆಯ ನಕಲಿನ ನಕಲು ಅವನ ಕೈಸೇರಿತ್ತು.

ಮಾಲೀಕರ ಪರವಾಗಿ ಕಟ್ಟಡ ನೋಡಿಕೊಳ್ಳುವ ನಾಸರ್ ಬಹಳ ಮರ್ಯಾದಸ್ಥ ಒಮಾನಿ ಮನುಷ್ಯ. ಇಲ್ಲಿಯವರ ಬಿಳಿ ನಿಲುವಂಗಿ ದಿಶ್ದಾಶವನ್ನು ಒಂದು ಸುಕ್ಕಿಲ್ಲದಂತೆ ತೊಟ್ಟು ಬಂದು, ಕುಶಲ ಕೇಳಿ, ಮನೆಯವರ ಕುಶಲ ಕೇಳಿ, ಮತ್ತೊಮ್ಮೆ ನನ್ನ ಕುಶಲ ಕೇಳಿ, ವಿಷಯಕ್ಕೆ ಬಂದರು. "ಮುಹಂದಿಸ್," ಎಂದರು. ಮುಹಂದಿಸ್ ಎಂದರೆ ಎಂಜಿನಿಯರ್. ಈ ಊರಿನಲ್ಲಿ ಹಾಗೆ ಕರೆಸಿಕೊಂಡವನಿಗೆ ಎದೆ ಒಂದು ಅಂಗುಲ ಉಬ್ಬುತ್ತದೆ, ಆಮೇಲೆ ಏನು ಹೇಳಿದರೂ ಒಪ್ಪಿಕೊಳ್ಳುತ್ತಾನೆ. "ಬೀಗದ ವ್ಯವಸ್ಥೆ ಬದಲಾಯಿಸಬೇಕು. ಮೂರು ತರಹ ಇದೆಯಂತೆ, ನನಗೆ ಅರ್ಥವಾಗುವುದಿಲ್ಲ. ನೀವು ಹೋಲಿಸಿ ನೋಡಿ, ಒಂದನ್ನು ಹೇಳಿ." ಹೋಲಿಸಿ! ಉಪವಾಸ ಇದ್ದವನ ಮುಂದೆ ಹೋಳಿಗೆ ತಟ್ಟೆ ಇಟ್ಟ ಹಾಗಾಯಿತು. ನನ್ನ ತಿಳಿವಳಿಕೆ ನೀರಿನ ವಾಲ್ವಿನದು, ಬಾಗಿಲಿನದಲ್ಲ, ಎಂದು ಹೇಳುವ ಪ್ರಾಮಾಣಿಕತೆ ನನ್ನಲ್ಲಿತ್ತು, ಸಮಯ ಸಿಗಲಿಲ್ಲ.

ಹಾಗೆ ನೋಡಿದರೆ ಕಾರ್ಡಿನ ಬಾಗಿಲುಗಳ ವಿಷಯದಲ್ಲಿ ನನಗೂ ಅನುಭವವಿತ್ತು. ಒಮ್ಮೆ ರಿಫೈನರಿಯೊಂದರ ಕೆಲಸದ ಮೇಲೆ ದುಕ್ಮ್‌ಗೆ ಹೋದಾಗ ಗೆಸ್ಟ್ ಹೌಸಿನಲ್ಲಿ ಸ್ನಾನಕ್ಕೆ ಬಿಸಿನೀರು ಬರುತ್ತಿಲ್ಲವೆಂದು ಕೂಗಿ ಹೇಳಲು ಟವೆಲಿನಲ್ಲೇ ಬಾಗಿಲಾಚೆ ಒಂದು ಹೆಜ್ಜೆ ಇಟ್ಟೆ. ಬಾಗಿಲು ಹಿಂದಿನಿಂದ ತಾನೇ ಮುಚ್ಚಿಕೊಂಡಿತು. ಕಾರ್ಡು ಒಳಗೆ, ನಾನು ಹೊರಗೆ, ಎದುರಿಗೆ ಊಟಕ್ಕೆ ಹೊರಟ ಸಮಸ್ತ ರಿಫೈನರಿ. ಆ ಮೆರವಣಿಗೆಯಲ್ಲಿ ನಮ್ಮ ಗ್ರಾಹಕ ಕಂಪನಿಯ ದೊಡ್ಡ ಸಾಹೇಬರೂ ಇದ್ದರು. ಅವರು ಇವತ್ತಿಗೂ ಮೀಟಿಂಗಿನಲ್ಲಿ ನನ್ನ ಮುಖ ನೋಡಿ ಮಾತಾಡುವುದಿಲ್ಲ.

ನಾನು ಪ್ರಯೋಗಕ್ಕೆ ಇಳಿದೆ. ಮೂರು ಅಂಗಡಿಯವರೂ ಒಂದೊಂದು ಮಾದರಿಯನ್ನು ಒಂದೊಂದು ಬಾಗಿಲಿಗೆ ಹಚ್ಚಿಕೊಟ್ಟರು. ಪಾರ್ಕಿಂಗ್ ಗೇಟಿಗೆ ದೂರದಿಂದಲೇ ಗುರುತು ಹಿಡಿಯುವ ಸ್ಟಿಕರ್ ಪದ್ಧತಿ. ಕಾರಿನ ಗಾಜಿಗೆ ಸ್ಟಿಕರ್ ಅಂಟಿಸಿದರೆ ಗೇಟು ದೂರದಿಂದಲೇ ಕಂಡು ಎದ್ದು ನಿಲ್ಲುತ್ತದೆ. ಬಹಳ ಚೆನ್ನಾಗಿತ್ತು, ಒಂದೇ ತೊಡಕು. ನನ್ನ ಕಾರು ನಿಲ್ಲುವ ಜಾಗ ಗೇಟಿನ ಮಗ್ಗುಲಲ್ಲೇ ಇದೆ. ನಿಂತ ಕಾರನ್ನು ಕಂಡು ಗೇಟು ಎದ್ದಿತು, ಇಳಿಯಿತು, ಮತ್ತೆ ಕಂಡಿತು, ಮತ್ತೆ ಎದ್ದಿತು. ಇಡೀ ದಿನ ನನ್ನ ಕಾರಿಗೆ ಸಲಾಮು ಹೊಡೆಯುತ್ತಲೇ ಇತ್ತು. ಆ ಸಂದಿನಲ್ಲಿ ಯಾರ್ಯಾರೋ ಬಂದು ಕಾರು ನಿಲ್ಲಿಸಿ ಶಾಪಿಂಗಿಗೆ ಹೋದರು. "ಸಾಬ್, ಆಪ್ ಕಾ ಗಾಡಿ ಸಬ್ ಕೋ ಬುಲಾತಾ ಹೈ," ಎಂದು ಚಿತ್ತಗಾಂಗಿನ ನಮ್ಮ ವಾಚ್‌ಮನ್ ಶಫೀಕ್ ದೂರು ತಂದ. ಸ್ಟಿಕರ್ ಅಲ್ಲಿಗೆ ಖಲಾಸ್.

ಕೆಳಗಿನ ಗಾಜಿನ ಬಾಗಿಲಿಗೆ ಹಳೆಯ ಡಬ್ಬಿಯ ಜೊತೆಗೇ ಫೋನಿನ ಪದ್ಧತಿ ಹಚ್ಚಿದರು. ಕಾರ್ಡೇ ಬೇಡ, ಫೋನೇ ಕೀಲಿಕೈ. ಅದಿತಿಗೆ ಇದೇ ಬೇಕು. "ಅಪ್ಪಾ, ಕಾರ್ಡ್ ಈಸ್ ಸೋ ಓಲ್ಡ್," ಎಂದಳು. ಸುಮಾ ಮಾತ್ರ, "ಅಲ್ರೀ, ಚಾರ್ಜ್ ಮುಗೀತಂದ್ರ ಮನೀನೂ ಮುಗೀತೇನು?" ಎಂದಳು. ಮುಗಿದೇ ಮುಗಿಯಿತು, ಎರಡನೆಯ ದಿನ, ನಾನು ಹಳೆಯ ಬಿಲ್ಲೆಯನ್ನು ಮನೆಯಲ್ಲೇ ಬಿಟ್ಟು ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದಿದ್ದಾಗ. ಅವ್ವನ ಬಳಿ ಇದ್ದದ್ದಂತೂ ಗುಂಡಿಯ ಫೋನು, ಅದರಿಂದ ಧಾರವಾಡಕ್ಕೆ ಮಾತಾಡಬಹುದೇ ಹೊರತು ಬಾಗಿಲ ಜೊತೆ ಅಲ್ಲ.

ಮೂರನೆಯದು ಮಾಳಿಗೆಯ ಬಾಗಿಲಿಗೆ ಹಚ್ಚಿದ ಹೊಸ ಕಾರ್ಡು. ನೋಡಲು ಬ್ಯಾಂಕಿನ ಕಾರ್ಡಿನಂತೆಯೇ. ಆದರೆ ಹಳೆಯ ಬಿಲ್ಲೆಯ ಹಾಗೆ ಕೇಳಿದವರಿಗೆಲ್ಲ ಬಾಯಿ ಬಿಡುವ ಪೈಕಿ ಅಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಹಿರಿಯರು "ಯಾವೂರು? ಯಾರ ಪೈಕಿ?" ಎಂದು ವಿಚಾರಿಸಿಕೊಂಡ ಮೇಲೆಯೇ ಮಾತಿಗೆ ಇಳಿಯುತ್ತಾರಲ್ಲ, ಹಾಗೆ ಇದು ಬಾಗಿಲನ್ನೇ ಒಂದು ಗುಟ್ಟಿನ ಪ್ರಶ್ನೆ ಕೇಳಿ, ಬಾಗಿಲು ಇದನ್ನು ಇನ್ನೊಂದು ಕೇಳಿ, ಎರಡಕ್ಕೂ ಸಮಾಧಾನವಾದರೆ ಮಾತ್ರ 'ಟಿಕ್'. ನಕಲು ಮಾಡಲು ಆಗುವುದಿಲ್ಲ. ಪ್ರಯೋಗಕ್ಕೆಂದು ಕೊಟ್ಟ ಕಾರ್ಡನ್ನು ಅವ್ವನಿಗೇ ಕೊಟ್ಟೆ, ಯಾಕೆಂದರೆ ಮಾಳಿಗೆಯಲ್ಲಿ ಅವಳ ತುಳಸಿ ಕುಂಡ ಇತ್ತು. "ಇದಕ್ಕ ಮುಟ್ಟೂ ಕೆಲಸಾನs ಇಲ್ಲವ್ವಾ, ಮುಟ್ಟದs ತಗೀತದ. ನೀರಾಗ ಗೀರಾಗ ಹಾಕಬ್ಯಾಡ, ಎಲೆಕ್ಟ್ರಾನಿಕ್ ಅದ," ಎಂದು ಪಾಠವನ್ನೂ ಹೇಳಿದೆ.

ಧನುರ್ಮಾಸ ಬಂತು. ನಸುಕಿನಲ್ಲೇ ಎದ್ದು, ಮಿಂದು, ಮಡಿಯುಟ್ಟು, ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡಬೇಕು. ಅವ್ವ ಮಡಿಯಲ್ಲಿದ್ದರೆ ಹೆತ್ತ ಮಗ ನಾನೂ ಹತ್ತಿರ ಸುಳಿಯುವಂತಿಲ್ಲ. ಕೈ ತಾಗಿದರೆ ಮತ್ತೆ ಸ್ನಾನ. ಮೊದಲ ದಿನವೇ ಒಲೆಯ ಮೇಲೆ ಹುಗ್ಗಿ ಇಟ್ಟು ತುಳಸಿಗೆ ನೀರು ಹಾಕಲು ಮಾಳಿಗೆಗೆ ಹೋದವಳು ಬರಲೇ ಇಲ್ಲ. ಹುಗ್ಗಿ ತಳ ಹಿಡಿದ ವಾಸನೆಗೆ ಎದ್ದು, ಒಲೆ ಆರಿಸಿ, ಮೇಲೆ ಓಡಿದೆ. ಮಾಳಿಗೆಗೆ ಹೋಗಲು ಗುಂಡಿ ಒತ್ತಿದರೆ ಸಾಕು, ಮರಳಿ ಒಳಗೆ ಬರಲು ಕಾರ್ಡು ತೋರಿಸಬೇಕು. ಬಾಗಿಲ ಆಚೆ ಅವ್ವ ಬೈಯುವ ಸದ್ದು ಕೇಳಿಸಿತು. ಗುಂಡಿ ಒತ್ತಿ ಬಾಗಿಲು ತೆರೆದೆ. ನೋಡಿದರೆ, ಕೈಯಲ್ಲಿ ಮುಚ್ಚಳ ಹಾಕಿದ ಸಣ್ಣ ಸ್ಟೀಲ್ ಡಬ್ಬಿ ಹಿಡಿದು ಗೋಡೆಯ ಯಂತ್ರದ ಮುಂದೆ ಆರತಿಯಂತೆ ಎತ್ತುತ್ತಿದ್ದಾಳೆ.

"ಎಷ್ಟು ತೋರಿಸಿದ್ರೂ ನೋಡವಲ್ಲದು ಮೂಳ!" ಎಂದಳು.

"ಕಾರ್ಡ್ ಎಲ್ಲದ?"

"ಡಬ್ಬ್ಯಾಗ ಅದ. ಮತ್ತೆಲ್ಲಿರ್ತದ? ಮಡಿಯೊಳಗ ಅದನ್ನ ಹ್ಯಾಂಗ ಹಿಡೀಲಿ? ಎಷ್ಟ ಮಂದಿ ಮುಟ್ಯಾರೋ. ಮುಟ್ಟದs ತಗೀತದಂತ ನೀನs ಹೇಳಿದ್ಯಲ್ಲ!"

ಲೋಹದ ಡಬ್ಬಿಯನ್ನು ದಾಟಿ ಈ ಕಾರ್ಡಿನ ಮಾತು ಹೊರಗೆ ಬರುವುದಿಲ್ಲ ಎಂಬ ಸಂಗತಿ ನನ್ನ ಹೋಲಿಕೆಯ ಪಟ್ಟಿಯಲ್ಲಿ ಇರಲೇ ಇಲ್ಲ. ಜಗತ್ತಿನಲ್ಲಿ ಇನ್ಯಾರು ಬೀಗದ ಕಾರ್ಡನ್ನು ಉಪ್ಪಿನಕಾಯಿಯ ಹಾಗೆ ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತಾರೆ? ಆದರೆ ಅವ್ವನ ಪ್ರಶ್ನೆಯಲ್ಲಿ ನ್ಯಾಯವಿತ್ತು. ತಳ ಹಿಡಿದ ಹುಗ್ಗಿಯ ಮುಂದೆ ಕುಳಿತು ಅವಳೇ ವಿಚಾರಣೆ ನಡೆಸಿದಳು. ಕಾರ್ಡನ್ನು ನಿಜವಾಗಿಯೂ ತೊಳೆಯಲು ಬರುವುದಿಲ್ಲವೇ? ಅಂಗಡಿಯವನಿಗೆ ಫೋನು ಮಾಡಿ ಕೇಳಿದೆ. ತೊಳೆಯಬಹುದು, ಏನೂ ಆಗುವುದಿಲ್ಲ ಎಂದ. "ಮತ್ತ ನಿನ್ನ ಫೋನು? ಅದನ್ನ ತೊಳೀಲಿಕ್ಕೆ ಬರ್ತದೇನು?" ಇಲ್ಲ. "ಹಂಗಾರ ಅದು ಬ್ಯಾಡ." ನಾನು ಎರಡು ವಾರ ತಲೆ ಕೆಡಿಸಿಕೊಂಡ ಹೋಲಿಕೆಯನ್ನು ಅವ್ವ ಹಾಗೆ ಮುಗಿಸಿಬಿಟ್ಟಳು. ಕಾರ್ಡನ್ನು ನಲ್ಲಿಯ ಕೆಳಗೆ ತೊಳೆದು, ಹಳೆಯ ಪಟ್ಟೆ ಸೀರೆಯ ತುಂಡಿನಲ್ಲಿ ಒಂದು ಚೀಲ ಹೊಲಿದು, ಅದರಲ್ಲಿಟ್ಟು ಬಾಯಿಯನ್ನೂ ಹೊಲಿದಳು. ರೇಷ್ಮೆಗೆ ಮೈಲಿಗೆಯಿಲ್ಲ. ರೇಡಿಯೋ ಅಲೆಗಳಿಗೂ ರೇಷ್ಮೆಯ ಬಗ್ಗೆ ಯಾವ ತಕರಾರೂ ಇಲ್ಲ. ಶಾಸ್ತ್ರ ಮತ್ತು ವಿಜ್ಞಾನ ಒಂದು ವಿಷಯದಲ್ಲಿ ಒಪ್ಪಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಹೊಸ ಕಾರ್ಡೇ ಗೆದ್ದಿತು. ನಾಸರ್ ಅವರಿಗೆ ಚಂದದ ವರದಿ ಬರೆದೆ. ಮಡಿಯ ಸಂಗತಿಯನ್ನು 'ತೇವ ಮತ್ತು ಬಟ್ಟೆಯ ಮೂಲಕ ಪರೀಕ್ಷಿಸಲಾಗಿದೆ' ಎಂದು ಸೇರಿಸಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಬರೆಯುವ ಹುರುಪಿನಲ್ಲಿ ಇದ್ದಾಗ ಜಿಮ್ಮಿನ ಆಸಾಮಿಯ ನೆನಪಾಗಿ ರಕ್ತ ಕುದಿಯಿತು. ಕೊನೆಯಲ್ಲಿ ಎರಡು ನಿಯಮ ಬರೆದೆ: ಮನೆಗೆ ಮೂರೇ ಕಾರ್ಡು, ಯಾರಿಗೂ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ. ಕಾರ್ಡಿಲ್ಲದವರು ಯಾರೇ ಇರಲಿ, ಕಾರ್ಡಿದ್ದವರು ಜೊತೆಗಿದ್ದು ವಾಚ್‌ಮನ್‌ಗೆ 'ಇವರು ನಮ್ಮವರು' ಎಂದು ಹೇಳಿದರೆ ಮಾತ್ರ ಒಳಗೆ. ಬರೆದು ಮುಗಿಸಿದಾಗ ಒಂದು ದೇಶದ ಗಡಿ ಭದ್ರಪಡಿಸಿದಷ್ಟು ಹೆಮ್ಮೆಯಾಯಿತು. ನಾಸರ್ ನನ್ನ ಕೈ ಕುಲುಕಿ, ಎದೆಯ ಮೇಲೆ ಕೈಯಿಟ್ಟು, ಖರ್ಜೂರದ ಡಬ್ಬಿ ಕೊಟ್ಟು ಹೋದರು.

ಕಾರ್ಡುಗಳು ಬಂದವು. ಮೂರು. ಮಾದರಿ ಕಾರ್ಡನ್ನು ಹಿಂದಿರುಗಿಸಿ ಎಂದು ಅಂಗಡಿಯ ಹುಡುಗಿ ಬಂದು ಕುಳಿತಳು. ಹಳೆಯ ಬಿಲ್ಲೆಗಳು ಅವತ್ತಿನಿಂದ ಬರಿಯ ಪ್ಲಾಸ್ಟಿಕ್. ಅವ್ವ ಕನ್ನಡಕ ಹಾಕಿಕೊಂಡು ರೇಷ್ಮೆ ಚೀಲದ ಹೊಲಿಗೆ ಬಿಚ್ಚಿ, ಕಾರ್ಡು ಕೊಟ್ಟು, ಖಾಲಿ ಚೀಲ ಹಿಡಿದು, "ನಂದೆಲ್ಲಿ?" ಎಂದಳು.

ಆಗ ನಾನು ನಮ್ಮ ಮನೆಯ ಜನರನ್ನು ಎಣಿಸಿದೆ. ನಂಬುತ್ತೀರೋ ಬಿಡುತ್ತೀರೋ, ವರದಿ ಬರೆಯುವಾಗ ಈ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ. ಅಂಗಡಿ ಅಂಗಡಿಯ ಕಾರ್ಡು ಹೋಲಿಸಿದೆ, ಮೂರು ಮತ್ತು ನಾಲ್ಕನ್ನು ಹೋಲಿಸಲಿಲ್ಲ. ನಾಸರ್ ಅವರಿಗೆ ಫೋನು ಮಾಡಿ, ವಯಸ್ಸಾದ ತಾಯಿ, ಒಂದು ಕಾರ್ಡು ಹೆಚ್ಚಿಗೆ ಕೊಡಿ ಎಂದು ಅಂಗಲಾಚಿದೆ. ಅವರು ಅವ್ವನ ಕುಶಲ ಕೇಳಿದರು, ಅವ್ವನಿಗೆ ಸಲಾಮು ತಿಳಿಸಲು ಹೇಳಿದರು. "ಮುಹಂದಿಸ್, ನಾಲ್ಕನೆಯ ಕಾರ್ಡು ಕೇಳಿದವರಲ್ಲಿ ನೀವು ಮೊದಲಿಗರಲ್ಲ. ಬಂದವರಿಗೆಲ್ಲ ನಿಮ್ಮ ವರದಿಯನ್ನೇ ತೋರಿಸಿ ಕಳಿಸಿದ್ದೇನೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಈಗ ನಿಮಗೇ ಕೊಟ್ಟರೆ ಜನ ಏನೆಂದಾರು?" ಎಂದರು. ಜನ ಏನೆನ್ನುತ್ತಿದ್ದರು ಎಂಬುದು ಲಿಫ್ಟಿನಲ್ಲಿ ನನಗೆ ಆಗಲೇ ಕೇಳಿಸಿತ್ತು.

ರಾತ್ರಿ ಎಲ್ಲರೂ ಊಟಕ್ಕೆ ಕುಳಿತೆವು. ಅವ್ವ, "ಇರ್ಲಿ ಬಿಡು, ನಾ ಕಿಟಕ್ಯಾಗ ನಿಂತು ನೋಡ್ಕೋತ ಇರ್ತೀನಿ. ಮಾರ್ಚ್ ತಿಂಗಳಿಗೆ ಹ್ಯಾಂಗೂ ಹೋಗಾಕಿ," ಎಂದು ಮಜ್ಜಿಗೆ ಸುರಿದುಕೊಂಡಳು. ಇಷ್ಟು ದೂರ ಕರೆಸಿಕೊಂಡು, ಅವಳ ಸಂಜೆಯನ್ನು ನನ್ನ ಕೈಯಾರೆ ಬರೆದು ಕಿತ್ತುಕೊಂಡಿದ್ದೆ. ಸುಮಾ ತಟ್ಟೆ ಎತ್ತುತ್ತಾ ತೀರ್ಪು ಕೊಟ್ಟಳು. "ನಾನೂ ಅದಿತಿನೂ ಮಧ್ಯಾಹ್ನ ಬಂದು ಅತ್ತಿಯವರು ಮಲಗಿದ್ದಾಗ ನಾವs ಬಾಗಲಾ ತಗೀಬೇಕು. ಆಮೇಲೆ ಆಕಿ ಒಂದು ಕಡೆ ಟ್ಯೂಷನ್, ನಾ ಒಂದು ಕಡೆ. ಅತ್ತಿಯವರಿಗಂತೂ ಬೇಕs ಬೇಕು. ನೀವು ಎಲ್ಲಾರೂ ಬಂದ ಮ್ಯಾಲೆ ಬರ್ತೀರಿ. ನಿಮಗ್ಯಾಕ್ರೀ ಕಾರ್ಡು?" ಮೂರು ಪ್ರಸ್ತಾವಗಳನ್ನು ಹೋಲಿಸಲು ನಾನು ಬಾಯಿ ತೆರೆದೆ, ಅದಿತಿ, "ಅಪ್ಪಾ, ಜಸ್ಟ್ ಗಿವ್ ಇಟ್," ಎಂದಳು. ಕೊಟ್ಟೆ. ಅವ್ವ ಅದನ್ನು ನಲ್ಲಿಯ ಕೆಳಗೆ ಚೆನ್ನಾಗಿ ತಿಕ್ಕಿ ತೊಳೆದಳು. ನನ್ನ ಜೇಬಿನಲ್ಲಿ ಇದ್ದುದರಿಂದ ಎರಡು ಸಲ ತೊಳೆಯಬೇಕಾಯಿತಂತೆ.

ಮೊದಲ ಕೆಲವು ದಿನ ಸುಖವಾಗಿ ಹೋದವು. ಕೆಳಗಿನಿಂದ ಬೆಲ್ ಒತ್ತುತ್ತಿದ್ದೆ, ಮನೆಯಿಂದ ಯಾರಾದರೂ ಇಳಿದು ಬಂದು ಒಳಗೆ ಕರೆದುಕೊಳ್ಳುತ್ತಿದ್ದರು. ಆಮೇಲೊಂದು ಗುರುವಾರ ಆಫೀಸು ಬೇಗ ಬಿಟ್ಟಿತು. ಇಲ್ಲಿ ಶುಕ್ರವಾರ, ಶನಿವಾರ ರಜೆ; ವಾರದ ಕೊನೆಯೆಂದು ಹಗುರವಾಗಿ ಬಂದು ಬೆಲ್ ಒತ್ತಿದೆ. ಉತ್ತರವಿಲ್ಲ. ಸುಮಾ, ಅದಿತಿ ಡಾನ್ಸ್ ಕ್ಲಾಸಿಗೆ ಹೋಗಿದ್ದರು. ಗಾಜಿನ ಒಳಗೆ ಶಫೀಕ್ ಕುರ್ಚಿಯಲ್ಲಿ ಕುಳಿತಿದ್ದ. ಕೈ ಬೀಸಿದೆ. ಅವನೂ ಪ್ರೀತಿಯಿಂದ ಕೈ ಬೀಸಿದ. ಬಾಗಿಲು ತೆಗೆಯೆಂದು ಸನ್ನೆ ಮಾಡಿದರೆ ಎದ್ದು ಬಂದು, ಗಾಜಿನ ಸಂದಿಯಲ್ಲಿ ಬಾಯಿಟ್ಟು, "ಸಾಬ್, ರೂಲ್ ಹೈ. ಆಪ್ ನೇ ಹೀ ಲಿಖಾ," ಎಂದ. ಅವನ ಮುಖದಲ್ಲಿ ಕುಚೋದ್ಯ ಇರಲಿಲ್ಲ, ಪಾಪ, ನಿಜವಾದ ಸಂಕಟ ಇತ್ತು. ನಾಸರ್ ಆ ನಿಯಮವನ್ನು ಚೌಕಟ್ಟು ಹಾಕಿಸಿ ಅವನ ತಲೆಯ ಮೇಲೇ ತೂಗುಹಾಕಿದ್ದರು. ನಾನು ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಕಟ್ಟಡದವರು ಒಬ್ಬೊಬ್ಬರಾಗಿ ಬಂದರು, ಕಾರ್ಡು ತೋರಿಸಿದರು, 'ಟಿಕ್' ಎನ್ನಿಸಿದರು, ಒಳಗೆ ಹೋದರು. ನಾಲ್ಕನೆಯ ಕಾರ್ಡು ಸಿಗದ ಒಬ್ಬ ಮಹಾಶಯರು ನನಗೆ ಬಹಳ ಹೊತ್ತು ನಮಸ್ಕಾರ ಮಾಡಿದರು. ಯಾರೊಬ್ಬರಿಗೂ 'ಇವನು ನಮ್ಮವನು' ಎಂದು ಹೇಳುವ ಮನಸ್ಸಾಗಲಿಲ್ಲ.

ದೀಪ ಹತ್ತುವ ಹೊತ್ತಿಗೆ ಅವ್ವ ಮತ್ತು ಕಲ್ಯಾಣಕ್ಕ ತಿರುಗಾಟ ಮುಗಿಸಿ ಬಂದರು. ಕಲ್ಯಾಣಕ್ಕ ದೂರದಿಂದಲೇ, "ಇದೆಂತ ಮಾರಾಯ್ರೆ, ನಿಮ್ಮ ಮಗ ಹೊರಗೆ ಕೂತದ್ದು? ಮನೆಯಲ್ಲಿ ಜಗಳ ಉಂಟಾ?" ಎಂದರು. ಅವ್ವ ಸೊಂಟದಿಂದ ರೇಷ್ಮೆ ಚೀಲ ತೆಗೆದು ಡಬ್ಬಿಗೆ ಹಿಡಿದಳು. ಬಾಗಿಲು ಬಿಟ್ಟಿತು. ನಾನು ಹಿಂದೆಯೇ ನುಗ್ಗುವಷ್ಟರಲ್ಲಿ ಶಫೀಕ್ ಅಡ್ಡ ಬಂದು, ನಿಯಮದ ಪ್ರಕಾರ, ವಿನಯದಿಂದಲೇ ಕೇಳಿದ: "ಮಾಜೀ, ಯೇ ಆಪ್ ಕಾ ಆದ್ಮೀ ಹೈ?"

ಈ ದೇಶಕ್ಕೆ ಹೊರಗಿನಿಂದ ಯಾರೇ ಬರಲಿ, ಅವರಿಗೆ ಜಾಮೀನು ನಿಲ್ಲುವ ಒಬ್ಬ ಕಫೀಲ ಬೇಕು. ಅವ್ವನ ವೀಸಾಕ್ಕೆ ಜಾಮೀನು ನಿಂತವನು ನಾನು. ನಾನು ಸಹಿ ಹಾಕಿದ್ದಕ್ಕೇ ಅವಳು ಇಲ್ಲಿದ್ದಾಳೆ ಎಂದು ನೆಂಟರ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ಈಗ ನನ್ನ ಕಫೀಲಳು ಶೂ ಹಾಕಿಕೊಂಡು ಹೊಸ್ತಿಲಲ್ಲಿ ನಿಂತು, ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಅವಸರವೇನೂ ಪಡಲಿಲ್ಲ.

"ಹಾಂ, ಹಮಾರಾಚ್ ಲಡ್ಕಾ ಹೈ," ಎಂದಳು ಕೊನೆಗೆ ತನ್ನ ಧಾರವಾಡದ ಹಿಂದಿಯಲ್ಲಿ. "ಆಜ್ ಏಕ್ ದಿನ್ ಛೋಡೋ."

ಲಿಫ್ಟು ನಾಲ್ಕನೆಯ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆಯುವಾಗ ಹೇಳಿದಳು: "ಹಂಗ ಲಗೂನ ಬರಾಂವ ಇದ್ರ ನಾ ಹೊರಗ ಬೀಳೂದ್ರಾಗ ಬಂದ್ಬಿಡು. ಇಲ್ಲಾ ನಾ ಬರೂತನಕ ಅಲ್ಲೇ ಕೂಡು. ನಿನ್ನ ಸಲುವಾಗಿ ನನ್ನ ವಾಕಿಂಗ್ ಕೆಡಿಸ್ಕೊಳ್ಳಿಕ್ಕೆ ಆಗೂದಿಲ್ಲಪಾ."